ವಯೊಲಿನ್ ಆಂಟಿ ಮತ್ತು ಮೂರನೇ ಚರಣ

ನ್ಯೂಜೆರ್ಸಿಯಲ್ಲಿ ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಸುವ ತಾಯಂದಿರ ಫೋನುಗಳಲ್ಲಿ ಚಿತ್ರಾಳ ಹೆಸರು ಚಿತ್ರಾ ಎಂದು ಇಲ್ಲ, ‘ವಯೊಲಿನ್ ಆಂಟಿ’ ಎಂದಿದೆ. ಮಗಳ ರಂಗಪ್ರವೇಶಕ್ಕೆ ಹಾಲ್ ಬುಕ್ ಆಗಿ, ಊಟದ ಮೆನು ನಿಕ್ಕಿಯಾಗಿ, ಸೀರೆಗೆ ಹೊಂದುವ ಬಳೆ ಮೈಸೂರಿನಿಂದ ಬಂದಿಳಿದ ಮೇಲೆ ಯಾರಿಗೋ ಪಕ್ಕವಾದ್ಯದ ನೆನಪಾಗುತ್ತದೆ. ಆಗ ಪ್ಲೇನ್ಸ್‌ಬರೋದ ಅಪಾರ್ಟ್‌ಮೆಂಟಿಗೆ ಫೋನ್ ಬರುತ್ತದೆ. “ಆಂಟಿ, ನೆಕ್ಸ್ಟ್ ಸ್ಯಾಟರ್‌ಡೇ ಫ್ರೀ ಇದ್ದೀರಾ?” ಆಂಟಿ ಫ್ರೀ ಇರುತ್ತಾಳೆ. ವಾರವಿಡೀ ಇನ್ಶೂರೆನ್ಸ್ ಕಂಪನಿಯೊಂದರ ಸಾಫ್ಟ್‌ವೇರ್ ಪರೀಕ್ಷಿಸಿ ಬೇರೆಯವರ ತಪ್ಪು ಹುಡುಕುವುದು ಅವಳ ನೌಕರಿ. ಶನಿವಾರ ರೇಷ್ಮೆ ಸೀರೆ ಉಟ್ಟು ವೇದಿಕೆಯ ಬದಿಯಲ್ಲಿ ಕೂತು ಬೇರೆಯವರ ತಪ್ಪು ಮುಚ್ಚುವುದು ಅವಳ ಹವ್ಯಾಸ. ಕೊನೆಗೆ ಒಂದು ರವಿಕೆ ಕಣ, ತೆಂಗಿನಕಾಯಿ, ಬಾದಾಮಿಯ ದೊಡ್ಡ ಡಬ್ಬಿ ಕೊಟ್ಟು ಕಳಿಸುತ್ತಾರೆ.

ಪಕ್ಕವಾದ್ಯದವರ ಪಾಡು ತಿಳಿಯದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಡುವೆ ಕೂತು ಹಾಡುವವರಿಗೆ ಹಾರ, ಚಪ್ಪಾಳೆ. ಪಕ್ಕದ ವಯೊಲಿನ್ನಿನ ಕೆಲಸ ಅವರನ್ನು ಹಿಂಬಾಲಿಸುವುದು. ಅವರು ಹಾಡಿದ್ದನ್ನು ಕೂದಲೆಳೆಯಷ್ಟು ಹಿಂದಿನಿಂದ ನುಡಿಸಬೇಕು, ಅವರು ಉಸಿರೆಳೆದುಕೊಳ್ಳುವಾಗ ಆ ಜಾಗ ತುಂಬಬೇಕು, ಅವರು ದಾರಿ ತಪ್ಪಿದರೆ ತಾನೂ ಅದೇ ದಾರಿಗಿಳಿದು ಸದ್ದಿಲ್ಲದೆ ವಾಪಸು ಕರೆತರಬೇಕು. ಇಷ್ಟು ಮಾಡಿಯೂ ತಾಳ ತಪ್ಪಿತೆನ್ನಿ, ಹಾಡುವವರು ಮೊದಲು ಮಾಡುವುದು ಪಕ್ಕಕ್ಕೆ ತಿರುಗಿ ವಯೊಲಿನ್ನಿನವಳನ್ನು ದುರುಗುಟ್ಟಿ ನೋಡುವುದು. ಸಭೆಗೆ ಅಷ್ಟೇ ಸಾಕು. ಹೋದ ಬೇಸಿಗೆಯಲ್ಲಿ ಮನ್ರೋದ ಒಂದು ಹಾಲಿನಲ್ಲಿ ಕಿಯಾರಾ ಎಂಬ ಹುಡುಗಿ ಸ್ವರ ಹಾಕುತ್ತಾ ಲೆಕ್ಕ ತಪ್ಪಿ, ಥೇಟ್ ದೊಡ್ಡ ವಿದುಷಿಯ ಹಾಗೆ ಚಿತ್ರಾಳ ಕಡೆ ಕಣ್ಣು ಬಿಟ್ಟಳು. ಊಟದ ಸಾಲಿನಲ್ಲಿ ಅವಳ ತಾಯಿ ಯಾರಿಗೋ ಹೇಳುತ್ತಿದ್ದುದು ಚಿತ್ರಾಳ ಕಿವಿಗೆ ಬಿತ್ತು. “ವಯೊಲಿನ್ ಆಂಟಿ ಒಂಚೂರು ಹಿಂದೆ ಬಿದ್ರು, ಪಾಪ. ಮಗು ಮ್ಯಾನೇಜ್ ಮಾಡ್ತು.” ಚಿತ್ರಾ ಬಿಸಿಬೇಳೆಬಾತು ಬಡಿಸಿಕೊಂಡು ಮೂಲೆಯ ಕುರ್ಚಿಗೆ ಹೋದಳು. ನಾನಾಗಿದ್ದರೆ ತಟ್ಟೆ ಅಲ್ಲೇ ಇಟ್ಟು ಎರಡು ಮಾತು ಆಡಿ ಬರುತ್ತಿದ್ದೆ. ಅವಳು ಆಡಲಿಲ್ಲ. ಮೈಸೂರಿನಲ್ಲಿ ಅವಳಿಗೆ ಪಾಠ ಹೇಳಿದ ಶೈಲಮ್ಮ ಚಿಕ್ಕಂದಿನಲ್ಲೇ ತಿದ್ದಿಬಿಟ್ಟಿದ್ದರು: “ಹಾಡೋರ ಮರ್ಯಾದೆ ನಮ್ಮ ಕೈಲಿರತ್ತೆ ಕಣೇ. ತಪ್ಪು ಯಾರದ್ದೇ ಇರ್ಲಿ, ತಲೆ ತಗ್ಗಿಸೋಳು ನೀನು.”

ಇಂಥ ಚಿತ್ರಾ ಒಂದು ಸ್ಪ್ಯಾನಿಷ್ ಬ್ಯಾಂಡಿನ ಜೊತೆ ನೂವಾರ್ಕಿನ ಸ್ಟೇಜು ಹತ್ತಿದ್ದು ವೀಸಾದ ದೆಸೆಯಿಂದ. ಮದುವೆಯಾಗಿ ಬಂದ ಹೊಸದರಲ್ಲಿ ಕೆಲಸ ಮಾಡಲು ಪರ್ಮಿಟ್ ಇಲ್ಲದೆ ಮನೆಯಲ್ಲಿ ಕೂತು ಹುಚ್ಚು ಹಿಡಿಯುವಂತಾದಾಗ ಅವಳು ಲೈಬ್ರರಿಯ ಬಿಟ್ಟಿ ಕ್ಲಾಸಿಗೆ ಸೇರಿ ಪಾಶ್ಚಾತ್ಯ ಸ್ವರಲಿಪಿ ಓದಲು ಕಲಿತಿದ್ದಳು. ಅಲ್ಲಿಂದ ಊರಿನ ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಎರಡನೇ ವಯೊಲಿನ್ನಿನ ಹಿಂದಿನ ಸಾಲಿನಲ್ಲಿ ಕುರ್ಚಿ ಸಿಕ್ಕಿತ್ತು. ಆ ಆರ್ಕೆಸ್ಟ್ರಾದ ಕಂಡಕ್ಟರ್ ಈ ಫೆಬ್ರವರಿಯ ಒಂದು ಗುರುವಾರ ಫೋನ್ ಮಾಡಿದ. ವೇಲೆನ್ಸಿಯಾದಿಂದ ಬಂದ ಬ್ಯಾಂಡೊಂದಕ್ಕೆ ಎರಡನೇ ವಯೊಲಿನ್ ಇಲ್ಲ, ಅವರ ಹುಡುಗನ ವೀಸಾ ‘ಪ್ರೊಸೆಸಿಂಗ್’ನಲ್ಲಿ ಸಿಕ್ಕಿಕೊಂಡಿದೆ, ಭಾನುವಾರ ಮಧ್ಯಾಹ್ನದ ಒಂದೇ ಒಂದು ಷೋ, ಹೋಗ್ತೀಯಾ ಎಂದು ಕೇಳಿದ.

“ಪ್ರೊಸೆಸಿಂಗ್ ಅವ್ರಿಗೂ ಆಗತ್ತಾ?” ಎಂದು ಚಿತ್ರಾಳ ಗಂಡ ಶಿವರಾಮ್ ಬಹಳ ಸಂತೋಷಪಟ್ಟ. ಅದು ನಮ್ಮವರಿಗೆ ಮಾತ್ರ ಮೀಸಲು ಎಂದು ಅವನು ಇಷ್ಟು ವರ್ಷ ನಂಬಿದ್ದ.

ಬ್ಯಾಂಡಿನ ಹೆಸರು ಲಾಸ್ ಪೆಲುಕಾಸ್. ವಿಗ್ಗುಗಳು ಎಂದು ಅರ್ಥವಂತೆ. ನಲವತ್ತೈದು ವರ್ಷದ ಹಿಂದೆ ನಾಲ್ಕು ಜನ ಹುಡುಗರು ಒಬ್ಬ ಹುಡುಗಿ ಸೇರಿ ಕಟ್ಟಿದ್ದು. ಹುಡುಗರು ಕಲಿತದ್ದು ಮುನ್ನೂರು ವರ್ಷದ ಹಿಂದಿನ ಅರಮನೆ ಸಂಗೀತ. ಹಾರ್ಪ್ಸಿಕಾರ್ಡ್ ಎಂದು ಪಿಯಾನೋದ ಮುತ್ತಜ್ಜಿಯಂಥ ವಾದ್ಯ, ಒತ್ತಿದರೆ ತಂತಿ ಮೀಟಿದ ಸದ್ದು ಬರುತ್ತದೆ. ಅದರ ಜೊತೆಗೆ ಪಿಟೀಲುಗಳು, ಎಲ್ಲವೂ ಅಚ್ಚುಕಟ್ಟು, ಕೊಬ್ಬರಿ ಮಿಠಾಯಿ ಕೊಯ್ದ ಹಾಗೆ. ಹುಡುಗಿ ಮಾತ್ರ ಬೇರೆ. ಎಸ್ಪೆರಾನ್ಸಾ ಎಂಡೊಂಗ್, ಅಪ್ಪ ಆಫ್ರಿಕಾದ ಗಿನಿಯವನು, ಅಮ್ಮ ವೇಲೆನ್ಸಿಯಾದವಳು. ಆಕೆ ಅಮೆರಿಕದ ಕಪ್ಪು ಜನರ ‘ಸೋಲ್’ ಎಂಬ ಹಾಡುಗಳನ್ನು ಕೇಳಿ ಕೇಳಿ ಗಂಟಲು ಬೆಳೆಸಿಕೊಂಡವಳು. ಆ ಅಚ್ಚುಕಟ್ಟಿನ ಮೇಲೆ ಈಕೆ ಎದೆ ಬಿರಿಯುವ ಹಾಗೆ ಹಾಡುತ್ತಿದ್ದಳು. ಯೂರೋಪಿನಲ್ಲಿ ಒಂದು ಕಾಲಕ್ಕೆ ಜನ ಇವರ ಹಾಡಿಗೆ ಕುಣಿದು ಮದುವೆಯಾಗಿದ್ದಾರೆ. ಈಗ ಉಳಿದಿರುವವರು ಇಬ್ಬರೇ. ಹಾಡುವ ಎಸ್ಪೆರಾನ್ಸಾ ಒಬ್ಬಳು, ಹಾರ್ಪ್ಸಿಕಾರ್ಡ್ ನುಡಿಸುವ, ಬ್ಯಾಂಡಿನ ಯಜಮಾನ ರಮೋನ್ ಇನ್ನೊಬ್ಬ. ಮಿಕ್ಕವರೆಲ್ಲ ಹೊಸಬರು.

ಶುಕ್ರವಾರ ಸಂಜೆಯ ರಿಹರ್ಸಲ್‌ಗೆ ಹೋದಾಗ ರಮೋನ್ ಅವಳ ಕಿವಿಗೆ ಒಂದು ಚಿಕ್ಕ ಮಣಿಯಂಥದ್ದನ್ನು ಸಿಕ್ಕಿಸಿದ. ಅದರೊಳಗಿಂದ ಟಿಕ್ ಟಿಕ್ ಎಂದು ತಾಳ ಬರುತ್ತದೆ. ಎಲ್ಲರ ಕಿವಿಯಲ್ಲೂ ಅದೇ ಟಿಕ್ ಟಿಕ್. ಮೊದಲೇ ರೆಕಾರ್ಡ್ ಆದ ಇಪ್ಪತ್ತು ಜನರ ಕೋರಸ್ ಸ್ಪೀಕರಿನಲ್ಲಿ ಬರಬೇಕಾದ್ದರಿಂದ ಯಾರೂ ಅರ್ಧ ಸೆಕೆಂಡ್ ಆಚೀಚೆ ಆಗುವ ಹಾಗಿಲ್ಲ. “ಇದನ್ನು ಅನುಸರಿಸಿ,” ಎಂದ ರಮೋನ್, ಸಭ್ಯವಾಗಿ, ಮುರುಕು ಇಂಗ್ಲಿಷಿನಲ್ಲಿ. “ಆಕೆಯನ್ನು ಅನುಸರಿಸಬೇಡಿ.”

ಚಿತ್ರಾ ತಲೆಯಾಡಿಸಿದಳು. ಮೊದಲ ಹಾಡಿನಲ್ಲೇ ಎಡವಟ್ಟಾಯಿತು. ಎಸ್ಪೆರಾನ್ಸಾ ಬಾಯಿ ತೆರೆದ ಕೂಡಲೇ ಚಿತ್ರಾಳ ಕೈ, ಮೂವತ್ತೈದು ವರ್ಷದ ಚಾಳಿಯಂತೆ, ಟಿಕ್ ಟಿಕ್ ಬಿಟ್ಟು ಆ ದನಿಯ ಬೆನ್ನು ಹಿಡಿಯಿತು. ಕೂದಲೆಳೆಯಷ್ಟು ಹಿಂದೆ.

“ಸೆನ್ಯೋರಾ, ನೀವು ತಡ,” ಎಂದ ರಮೋನ್.

ಮತ್ತೆ ಆರಂಭಿಸಿದರು. ಮತ್ತೆ ತಡ. ಮೂರನೇ ಸಲ ಚೆಲ್ಲೋ ಎಂಬ ದೊಡ್ಡ ಪಿಟೀಲು ನುಡಿಸುವ ಹುಡುಗ ನಗು ತಡೆಯಲು ಕೆಮ್ಮಿದ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎನಿಸಿತು ಚಿತ್ರಾಳಿಗೆ. ಅವಳು ಹಲ್ಲು ಕಚ್ಚಿ ಟಿಕ್ ಟಿಕ್‌ಗೆ ಅಂಟಿಕೊಂಡಳು. ಅವಳ ವಯೊಲಿನ್ ಮಾತ್ರ ಕೈದಿಯ ಹಾಗೆ ನುಡಿಯಿತು.

ಕೊನೆಯ ಹಾಡು ಬಂತು. ಎಲ್ಲರೂ ಟಿಕೆಟ್ ಕೊಂಡು ಬರುವುದು ಅದಕ್ಕೇ ಅಂತೆ. ಹಾರ್ಪ್ಸಿಕಾರ್ಡಿನಲ್ಲಿ ಎಂಟು ಹೆಜ್ಜೆಯ ಒಂದು ಸಾಲು, ಅದೇ ಸಾಲು ಮತ್ತೆ ಮತ್ತೆ ಸುತ್ತಿ ಬರುತ್ತದೆ. ಚಿತ್ರಾಳಿಗೆ ಜೀವ ಬಂದ ಹಾಗಾಯಿತು. ಇದು ಆವರ್ತವೇ ತಾನೆ? ಆ ಸುತ್ತಿನ ಮೇಲೆ ಎಸ್ಪೆರಾನ್ಸಾ ಮೂರು ಚರಣ ಹಾಡಬೇಕು. ಮೂರನೆಯದು ಮುಗಿದ ಮೇಲೆ ಇಡೀ ಹಾಡು ಅರ್ಧ ಸ್ವರ ಮೇಲೇರಿ ಕೋರಸ್ ಒಳನುಗ್ಗುತ್ತದೆ. ಎರಡು ಚರಣ ಆಯಿತು. ಮೂರನೆಯದಕ್ಕೆ ಆಕೆ ಉಸಿರೆಳೆದುಕೊಂಡದ್ದೇ ಚಿತ್ರಾ ಕಾಗದದಿಂದ ತಲೆಯೆತ್ತಿದಳು. ಮುಂದಿನ ಸಾಲು ಗೊತ್ತಿರುವವರ ಉಸಿರೇ ಬೇರೆ, ಗೊತ್ತಿಲ್ಲದವರ ಉಸಿರೇ ಬೇರೆ. ಪಕ್ಕದಲ್ಲಿ ಕೂತು ಕೂತು ಅವಳಿಗೆ ಇದು ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಎಸ್ಪೆರಾನ್ಸಾ ಹಾಡಲಿಲ್ಲ. ಚಿತ್ರಾಳ ಕಮಾನು ತಾನಾಗಿಯೇ ಚರಣದ ಮೊದಲ ನಾಲ್ಕು ಸ್ವರ ಮೆಲ್ಲಗೆ ಎಳೆಯಿತು. ಅದು ಅವಳ ಕಾಗದದಲ್ಲಿ ಇರಲಿಲ್ಲ. ಎಸ್ಪೆರಾನ್ಸಾ ಅದನ್ನು ಹಿಡಿದುಕೊಂಡು ಹಾಡಿಬಿಟ್ಟಳು.

ರಮೋನ್ ಹಾಡು ನಿಲ್ಲಿಸಲಿಲ್ಲ. ಮುಗಿದ ಮೇಲೆ ಚಿತ್ರಾಳತ್ತ ನೋಡಿ, “ಬರೆದದ್ದನ್ನು ಮಾತ್ರ, ದಯವಿಟ್ಟು,” ಎಂದ.

ಹೊರಗೆ ಕಾರಿಡಾರಿನಲ್ಲಿ ಎಸ್ಪೆರಾನ್ಸಾ ಅವಳ ತೋಳು ಹಿಡಿದು ನಿಲ್ಲಿಸಿದಳು. ಹತ್ತಿರದಿಂದ ನೋಡಿದರೆ ಆಕೆಗೆ ವಯಸ್ಸಾಗಿದ್ದು ಕಾಣುತ್ತಿತ್ತು, ತೋಳು ಹಿಡಿದ ಕೈ ತಣ್ಣಗಿತ್ತು. “ನಿನಗೆ ಗೊತ್ತಾಯಿತು,” ಎಂದಳು ಆಕೆ. ಅವರಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲೇ, ಇಬ್ಬರದೂ ಹೊರಗಿನ ಇಂಗ್ಲಿಷು. ಪದಗಳು ಇದ್ದಕ್ಕಿದ್ದಂತೆ ಹೋಗಿಬಿಡುತ್ತವೆ ಎಂದು ಆಕೆ ಹೇಳಿಕೊಂಡಳು. ಕಾಲ ಬಳಿ ಟೀವಿಯಂಥ ಪರದೆ ಇಟ್ಟು ಬರೆದು ತೋರಿಸಿದರೂ ಅಕ್ಷರ ಕಾಣುತ್ತವೆಯೇ ಹೊರತು ಓದಿಗೆ ಸಿಗುವುದಿಲ್ಲ. ಹೋದ ವಾರ ಫಿಲಡೆಲ್ಫಿಯಾದಲ್ಲಿ ಇದೇ ಮೂರನೇ ಚರಣದಲ್ಲಿ ನಿಂತುಹೋಗಿ, ಗಂಟಲು ಕೆಟ್ಟಿದೆ ಎಂದು ಸುಳ್ಳು ಹೇಳಿ ಪಾರಾಗಿದ್ದಳು. ರಮೋನ್ ನಂಬಿದ್ದಾನೆ, ಅರ್ಧ. ಇನ್ನೊಂದು ಸಲ ನಿಂತರೆ ಮಿಕ್ಕ ಷೋಗಳನ್ನೆಲ್ಲ ರದ್ದು ಮಾಡಿ ಊರಿಗೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. “ಊರಿಗೆ ಹೋದರೆ ಮತ್ತೆ ಯಾರೂ ನನ್ನನ್ನು ಸ್ಟೇಜಿನ ಮೇಲೆ ಬಿಡುವುದಿಲ್ಲ,” ಎಂದಳು. “ಅವನಿಗೆ ಹೇಳಬೇಡ.”

“ಹೇಳಲ್ಲ,” ಎಂದಳು ಚಿತ್ರಾ, ಕನ್ನಡದಲ್ಲೇ. ಆಮೇಲೆ ತಿದ್ದಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು.

ಮನೆಗೆ ಬಂದವಳಿಗೆ ನಿದ್ದೆಯೂ ಸರಿಯಾಗಿ ಹತ್ತಲಿಲ್ಲ. ಶನಿವಾರ ಬೆಳಿಗ್ಗೆಯೇ ಅವಳು ಮಗಳು ಆನ್ಯಾಳನ್ನು ಹಿಡಿದು ಕೂರಿಸಿದಳು. ಆನ್ಯಾ ರಟ್ಗರ್ಸ್‌ನಲ್ಲಿ ಓದುತ್ತಾಳೆ, ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಸ್ಪ್ಯಾನಿಷ್ ಕಲಿತವಳು. ಹಾಡನ್ನು ಫೋನಿನಲ್ಲಿ ಹಾಕಿ, ನಿಲ್ಲಿಸಿ, ಒಂದೊಂದೇ ಪದ ಕೇಳಿ ಬಾಯಿಪಾಠ ಮಾಡತೊಡಗಿದಳು ಚಿತ್ರಾ.

“ಅಮ್ಮಾ, ಯು ಆರ್ ಸೆಕೆಂಡ್ ವಯೊಲಿನ್. ವೈ ಡು ಯು ನೀಡ್ ದ ಲಿರಿಕ್ಸ್?”

“ಸಾಹಿತ್ಯ ಗೊತ್ತಿಲ್ದೆ ಯಾರಾದ್ರೂ ಪಕ್ಕವಾದ್ಯ ನುಡಿಸ್ತಾರೇನೇ? ಎಲ್ಲಿ ಪದ ಒಡೆಯತ್ತೆ ಅಂತ ಹೇಗೆ ಗೊತ್ತಾಗ್ಬೇಕು? ಸುಮ್ನೆ ಹೇಳಿಕೊಡು.”

ಮೂರನೇ ಚರಣ ‘ದಿಮೆ, ಮಾದ್ರೆ’ ಎಂದು ಶುರುವಾಗುತ್ತದೆ. ‘ಹೇಳಮ್ಮಾ’ ಎಂದರ್ಥ ಎಂದಳು ಆನ್ಯಾ. ಹೇಳಮ್ಮಾ, ನಾನು ಬಂದಾಗ ಯಾರು ಬಾಗಿಲು ತೆರೆದರು. ಚಿತ್ರಾ ದೋಸೆ ಹುಯ್ಯುತ್ತಾ, ಬಟ್ಟೆ ಮಡಿಸುತ್ತಾ, ಕಾರಿನಲ್ಲಿ ರೂಟ್ ಒನ್‌ನ ಸಿಗ್ನಲ್ಲುಗಳಲ್ಲಿ ನಿಂತು ಅದನ್ನೇ ಗುನುಗಿದಳು. “ಪುರಂದರದಾಸರಿಗೆ ರಜಾನಾ?” ಎಂದ ಶಿವರಾಮ್. ಅವನಿಗೆ ಭಾನುವಾರ ಆಫೀಸಿನ ಸಾಫ್ಟ್‌ವೇರ್ ರಿಲೀಸ್ ಇತ್ತು, ಬರಲಾಗುವುದಿಲ್ಲ ಎಂದು ಮೊದಲೇ ಹೇಳಿದ್ದ.

ಭಾನುವಾರ ಮಧ್ಯಾಹ್ನ ನೂವಾರ್ಕಿನ ಆ ಹಳೆಯ ಥಿಯೇಟರು ಭರ್ತಿಯಾಗಿತ್ತು. ಫೆರ್ರಿ ಸ್ಟ್ರೀಟಿನ ಸುತ್ತಮುತ್ತಲ ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಮುದುಕ ಮುದುಕಿಯರು ಕೋಟು ಸ್ಕಾರ್ಫು ಹಾಕಿಕೊಂಡು, ಮಕ್ಕಳ ತೋಳು ಹಿಡಿದುಕೊಂಡು ಬಂದಿದ್ದರು. ಆರನೇ ಸಾಲಿನಲ್ಲಿ ಆನ್ಯಾ. ಚಿತ್ರಾ ಕಪ್ಪು ಪ್ಯಾಂಟು ಕಪ್ಪು ಅಂಗಿ ತೊಟ್ಟು, ಮಾಮೂಲಿನಂತೆ ಬದಿಯಲ್ಲಿ ಕೂತಳು. ಬೊಟ್ಟು ಮಾತ್ರ ಇಟ್ಟುಕೊಂಡಿದ್ದಳು.

ಷೋ ಚೆನ್ನಾಗಿಯೇ ಸಾಗಿತು. ಚಿತ್ರಾ ಟಿಕ್ ಟಿಕ್ ಬಿಡಲಿಲ್ಲ, ರಮೋನ್ ಎರಡು ಸಲ ಅವಳತ್ತ ನೋಡಿ ತಲೆಯಾಡಿಸಿದ. ಆದರೆ ಅವಳ ಮನಸ್ಸು ಹಾಡುವವಳ ಬೆನ್ನ ಮೇಲೇ ಇತ್ತು. ಪ್ರತಿ ಚರಣಕ್ಕೂ ಆಕೆಯ ಭುಜ ಏರುವುದನ್ನು ನೋಡುವುದು, ಉಸಿರು ಕೇಳುವುದು, ಸರಿಯಿದೆ ಎಂದುಕೊಳ್ಳುವುದು, ಮುಂದಿನದಕ್ಕೆ ಕಾಯುವುದು. ಎಸ್ಪೆರಾನ್ಸಾಳ ದನಿಯಲ್ಲಿ ಮುಪ್ಪು ಇತ್ತು, ಅಲ್ಲಲ್ಲಿ ಹರಿದಿತ್ತು, ಆದರೂ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಇಷ್ಟು ಹಾಡಬಲ್ಲವಳನ್ನು ಮನೆಯಲ್ಲಿ ಕೂರಿಸುವುದು ಎಂದರೇನು ಎಂದುಕೊಂಡಳು ಚಿತ್ರಾ.

ಕೊನೆಯ ಹಾಡು. ಹಾರ್ಪ್ಸಿಕಾರ್ಡಿನ ಆ ಸುತ್ತು ಶುರುವಾದ ಕೂಡಲೇ ಜನ ಗುರುತು ಹಿಡಿದು ಚಪ್ಪಾಳೆ ತಟ್ಟಿದರು. ಮೊದಲ ಚರಣ. ಎರಡನೇ ಚರಣ. ಎಸ್ಪೆರಾನ್ಸಾಳ ಭುಜ ಏರಿತು, ಉಸಿರು ಬಂತು. ಅದು ಗೊತ್ತಿಲ್ಲದವರ ಉಸಿರು.

ಚಿತ್ರಾ ಬರೆದದ್ದನ್ನು ಬಿಟ್ಟಳು. ಮೂರನೇ ಚರಣದ ಮೊದಲ ನಾಲ್ಕು ಸ್ವರ ನುಡಿಸಿದಳು. ಆಕೆ ಹಿಡಿಯಲಿಲ್ಲ. ಒಂದು ಸುತ್ತು ಖಾಲಿ ಹೋಯಿತು. ಸಭೆಗೆ ಇನ್ನೂ ಏನೂ ತಿಳಿದಿಲ್ಲ, ವಯೊಲಿನ್ನಿನ ಬಿಡಿ ನುಡಿಸಾಣಿಕೆ ಎಂದುಕೊಂಡಿದ್ದಾರೆ. ಆವರ್ತ ಎಲ್ಲಿಗೂ ಓಡಿಹೋಗುವುದಿಲ್ಲ ತಾಯಿ, ಮುಂದಿನ ಸುತ್ತಿನಲ್ಲಿ ಬಾ, ಎಂದು ಮನಸ್ಸಿನಲ್ಲೇ ಗೋಗರೆಯುತ್ತಾ ಚಿತ್ರಾ ಇಡೀ ಸಾಲನ್ನೇ ಪದ ಪದವಾಗಿ ಒಡೆದು ನುಡಿಸಿದಳು. ದಿಮೆ, ಮಾದ್ರೆ. ದಿಮೆ, ಮಾದ್ರೆ. ಎಸ್ಪೆರಾನ್ಸಾ ಮೈಕು ಹಿಡಿದು ನಿಂತಿದ್ದಳು, ಕಣ್ಣು ಕಾಲ ಬಳಿಯ ಪರದೆಯ ಮೇಲಿತ್ತು. ರಮೋನ್ ಕೀಲಿಮಣೆಯಿಂದ ತಲೆಯೆತ್ತಿದ. ಚಿತ್ರಾಳ ಕಿವಿಯಲ್ಲಿ ಟಿಕ್ ಟಿಕ್ ಯಾರಿಗೂ ಕಾಯದೆ ನಡೆಯುತ್ತಿತ್ತು. ಇನ್ನೊಂದು ಸುತ್ತು ಮುಗಿದರೆ ಹಾಡು ಮೇಲೇರುತ್ತದೆ.

ಏರಿಯೇ ಬಿಟ್ಟಿತು. ಸ್ಪೀಕರಿನಿಂದ ಇಪ್ಪತ್ತು ಜನರ ಕೋರಸ್ ಧುಮುಕಿತು. ಅದರೊಂದಿಗೆ ರಮೋನ್, ಚೆಲ್ಲೋ, ಮೊದಲ ವಯೊಲಿನ್ ಎಲ್ಲರೂ ಅರ್ಧ ಸ್ವರ ಮೇಲೆ ಹೋದರು. ಚಿತ್ರಾಳಿಗೆ ಹೋಗಲಾಗಲಿಲ್ಲ. ಹಾಡುವವರನ್ನು ನಡುದಾರಿಯಲ್ಲಿ ಬಿಟ್ಟು ಮುಂದೆ ಹೋದ ಅಭ್ಯಾಸವೇ ಅವಳ ಕೈಗಿಲ್ಲ. ಅವಳೊಬ್ಬಳೇ ಹಳೆಯ ಶ್ರುತಿಯಲ್ಲಿ, ಹಾಡದೆ ನಿಂತವಳ ಜೊತೆಗೆ ಉಳಿದಳು. ಎರಡು ಶ್ರುತಿ ಒಂದಕ್ಕೊಂದು ಉಜ್ಜಿ, ಕೇಳುವವರ ಹಲ್ಲು ಜುಮ್ಮೆನ್ನುವ ಹಾಗಾಯಿತು. ಮುಂದಿನ ಸಾಲಿನ ಒಬ್ಬ ಮುದುಕ ಕಿವಿ ಮುಚ್ಚಿಕೊಂಡ. ರಮೋನ್ ಕಾಲ ಬಳಿಯ, ರೆಕಾರ್ಡ್ ನಿಲ್ಲಿಸುವ ಗುಂಡಿ ತುಳಿದ. ಕೋರಸ್ ಅರ್ಧದಲ್ಲೇ ಕತ್ತರಿಸಿದ ಹಾಗೆ ನಿಂತಿತು. ಎಲ್ಲ ವಾದ್ಯಗಳೂ ನಿಂತವು.

ರಮೋನ್ ಚಿತ್ರಾಳನ್ನು ನೋಡಿದ. ಮೊನ್ನೆ ರಿಹರ್ಸಲ್‌ನಲ್ಲಿ ತಡ ತಡ ಎಂದು ಬೈಸಿಕೊಂಡವಳು ಇವಳೇ, ಬರೆಯದ್ದನ್ನು ನುಡಿಸಿದವಳೂ ಇವಳೇ. ಅವನಿಗೆ ಅನುಮಾನವೇ ಇರಲಿಲ್ಲ. ಆ ಕ್ಷಣದಲ್ಲಿ ಚಿತ್ರಾಳಿಗೆ ಒಂದು ವಿಚಿತ್ರ ಸಮಾಧಾನವಾಯಿತು ಎಂದರೆ ನಂಬಬೇಕು. ಎಸ್ಪೆರಾನ್ಸಾಳ ಮೇಲೆ ಯಾರ ಕಣ್ಣೂ ಇಲ್ಲ! ತಪ್ಪು ತನ್ನದೆಂದರೆ ಟೂರ್ ಉಳಿಯಿತು. ಇಷ್ಟು ವರ್ಷ ಹಾಡುವವರು ಎತ್ತಿ ಎಸೆದ ತಪ್ಪುಗಳನ್ನೆಲ್ಲ ಮೈಮೇಲೆ ಹಾಕಿಸಿಕೊಂಡು ಒಳಗೊಳಗೇ ಉರಿದವಳು, ಇವತ್ತು ಮೊದಲ ಸಲ ತಾನಾಗಿಯೇ ಒಂದನ್ನು ಬೇಡಿ ಎತ್ತಿಕೊಂಡಳು. ವಯೊಲಿನ್ ಮಡಿಲಿಗಿಳಿಸಿ, ತಲೆ ತಗ್ಗಿಸಿ, “ಸಾರಿ. ಮೈ ಮಿಸ್ಟೇಕ್,” ಎಂದಳು.

ರಮೋನ್ ಅನುಭವಸ್ಥ. ಮೈಕು ಹತ್ತಿರಕ್ಕೆಳೆದು ಸ್ಪ್ಯಾನಿಷಿನಲ್ಲೂ ಇಂಗ್ಲಿಷಿನಲ್ಲೂ ಹೇಳಿದ: “ಕ್ಷಮಿಸಿ. ನ್ಯೂಜೆರ್ಸಿಯ ನಮ್ಮ ಅತಿಥಿ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಎಕ್ಸಿಟ್ ತಪ್ಪಿಸಿಕೊಂಡರು.”

ಹಾಲ್ ಇಡೀ ಗೊಳ್ಳೆಂದಿತು. ಚಿತ್ರಾ ತಲೆಯೆತ್ತಲಿಲ್ಲ. ಆರನೇ ಸಾಲಿನಲ್ಲಿ ಮಗಳು ಕೂತಿದ್ದಾಳೆ ಎಂಬುದು ಆಗ ನೆನಪಾಯಿತು. ಇರಲಿ, ನಗಲಿ, ಬೇಗ ಮುಂದಕ್ಕೆ ಹೋಗಲಿ ಎಂದು ಕಾದಳು.

“ಇಲ್ಲ,” ಎಂದಿತು ಮೈಕಿನಲ್ಲಿ ಇನ್ನೊಂದು ದನಿ.

ಎಸ್ಪೆರಾನ್ಸಾ ಸ್ಪ್ಯಾನಿಷಿನಲ್ಲಿ ಏನೋ ಹೇಳಿದಳು. ಮುಂದಿನ ಸಾಲುಗಳ ನಗು ನಿಂತಿತು. ಆಮೇಲೆ ಆಕೆ ಚಿತ್ರಾಳ ಕಡೆ ತಿರುಗಿ, ಅವಳಿಗೂ ತಿಳಿಯಲಿ ಎಂದು, ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು: “ಇವರು ತಪ್ಪಲಿಲ್ಲ. ಮರೆತದ್ದು ನಾನು. ಈಗ ಬಹಳ ಮರೆಯುತ್ತೇನೆ. ಎಲ್ಲರೂ ಮುಂದೆ ಹೋದರು, ಇವರೊಬ್ಬರು ನನಗೆ ಕಾದರು.”

ರಮೋನ್ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವನ ಮುಖ ಒಮ್ಮೆಲೇ ಮುದುಕನ ಮುಖವಾಯಿತು. ಚಿತ್ರಾಳಿಗೆ ಸಿಟ್ಟು ಬಂತು, ನಿಜವಾದ ಸಿಟ್ಟು. ಏನು ಮಾಡಿಕೊಂಡಳು ಈ ಹೆಂಗಸು! ಎಷ್ಟು ಸಲೀಸಾಗಿ ಮುಗಿದುಹೋಗಿತ್ತು! ತನಗೆ ಬೇಡವಾಗಿದ್ದಾಗ ಎಲ್ಲರೂ ಹೊರಿಸಿದರು, ತಾನೇ ಬೇಕೆಂದು ಹೊರಲು ಹೋದರೆ ಈಕೆ ಕಿತ್ತುಕೊಂಡಳು.

“ಪದ ಏನು?” ಎಂದಳು ಎಸ್ಪೆರಾನ್ಸಾ ಅವಳತ್ತ ಬಾಗಿ, ಮೈಕು ಅವಳ ಬಾಯಿಯ ಬಳಿ ಹಿಡಿದು. “ನಿನಗೆ ಗೊತ್ತಿದೆ. ನೀನು ಪದ ನುಡಿಸುತ್ತಿದ್ದೆ, ನನಗೆ ಕೇಳಿಸಿತು.”

ಅಷ್ಟು ವರ್ಷ ಅಷ್ಟು ವೇದಿಕೆ ಹತ್ತಿದ ಚಿತ್ರಾ ಒಮ್ಮೆಯೂ ಮೈಕಿನಲ್ಲಿ ದನಿ ತೆಗೆದವಳಲ್ಲ. “ದಿಮೆ, ಮಾದ್ರೆ,” ಎಂದಳು. ಮಾತಾಗಿ ಹೇಳಿದ್ದು ಒಣಗಿತ್ತು, ತನಗೇ ಸರಿ ಅನಿಸಲಿಲ್ಲ. ಮತ್ತೆ ಹೇಳಿದಳು, ಈ ಸಲ ಹಾಡಿ. ಚಿಕ್ಕ, ಅಭ್ಯಾಸವಿಲ್ಲದ ದನಿ, ಕೊನೆಯ ಸ್ವರದಲ್ಲಿ ಅವಳಿಗೆ ಗೊತ್ತಿಲ್ಲದೇ ಒಂದು ಮೈಸೂರು ಗಮಕ ಬಂದು ಕೂತಿತು. ಎಸ್ಪೆರಾನ್ಸಾ ಕಣ್ಣು ಮುಚ್ಚಿ ಅದನ್ನು ಕೇಳಿದಳು. ಆಮೇಲೆ ಆಕೆಯ ದನಿ ಅದರ ಮೇಲೆ ಏರಿತು. ರಮೋನ್ ಕಿವಿಯ ಮಣಿ ಕಿತ್ತು ಜೇಬಿಗೆ ಹಾಕಿಕೊಂಡು ಕೀಲಿಮಣೆಗೆ ಕೈಯಿಟ್ಟ. ಒಬ್ಬೊಬ್ಬರಾಗಿ ಎಲ್ಲರೂ ಕಿತ್ತರು. ಮೂರನೇ ಚರಣದಲ್ಲಿ ಆಕೆ ಇನ್ನೂ ಎರಡು ಕಡೆ ನಿಂತಳು. ಎರಡು ಕಡೆಯೂ ಚಿತ್ರಾ ಪದ ಹೇಳಿದಳು, ಸುತ್ತು ಕಾಯಿತು. ಕೋರಸ್ ಇಲ್ಲದ ಜಾಗದಲ್ಲಿ ಸಭೆಯ ಮುದುಕ ಮುದುಕಿಯರೇ ಹಾಡಿದರು.

ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಅದೆಲ್ಲ ಬೀಳ್ಕೊಡುಗೆಯ ಚಪ್ಪಾಳೆ ಎಂದು ಸ್ಟೇಜಿನ ಮೇಲಿದ್ದವರಿಗೆಲ್ಲ ತಿಳಿದಿತ್ತು. ಒಳಗೆ ಹೋದ ಕೂಡಲೇ ರಮೋನ್ ಫೋನ್ ಹಿಡಿದು ಹೊರಗೆ ನಡೆದ. ಗಾಜಿನ ಬಾಗಿಲಾಚೆ ಅವನು ತಲೆಯಾಡಿಸುತ್ತಾ ಯಾರೊಂದಿಗೋ ಮಾತಾಡುವುದು ಕಾಣುತ್ತಿತ್ತು. ಬಾಸ್ಟನ್ ಇಲ್ಲ, ಷಿಕಾಗೋ ಇಲ್ಲ ಎಂದು ಚೆಲ್ಲೋ ಹುಡುಗ ಪಿಸುಗುಟ್ಟಿದ.

ಚಿತ್ರಾ ಎಸ್ಪೆರಾನ್ಸಾಳ ಕೋಣೆಗೆ ನುಗ್ಗಿದಳು. ಅವಳು ಯಾರ ಕೋಣೆಗೂ ನುಗ್ಗಿದವಳಲ್ಲ. “ಯಾಕೆ ಹೇಳಿದಿರಿ?” ಎಂದಳು. “ನಾನು ತಪ್ಪು ಒಪ್ಪಿಕೊಂಡಿದ್ದೆ. ಎಲ್ಲರೂ ನಂಬಿದ್ದರು. ಸುಮ್ಮನಿದ್ದಿದ್ದರೆ ನಿಮ್ಮ ಟೂರ್ ಉಳೀತಿತ್ತು.”

ಎಸ್ಪೆರಾನ್ಸಾ ಕನ್ನಡಿಯ ಮುಂದೆ ಕೂತು ಕಿವಿಯೋಲೆ ಬಿಚ್ಚುತ್ತಿದ್ದಳು. ಅತ್ತಿದ್ದಳು, ಮುಖದ ಬಣ್ಣ ಕರಗಿತ್ತು. “ಬಾಸ್ಟನ್ನಿನಲ್ಲಿ ನೀನು ಇರುವುದಿಲ್ಲವಲ್ಲ,” ಎಂದಳು.

“ನಾನು ಬರ್ತೀನಿ. ರಜಾ ಹಾಕ್ತೀನಿ.”

ಅದು ಬಾಯಿಂದ ಹೇಗೆ ಬಂತೋ ಚಿತ್ರಾಳಿಗೇ ಗೊತ್ತಾಗಲಿಲ್ಲ. ಎಸ್ಪೆರಾನ್ಸಾ ಅವಳ ಕೈ ಎಳೆದು ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡಳು. “ಬರುತ್ತೀಯ, ಗೊತ್ತು. ಒಂದು ಊರು, ಎರಡು ಊರು ಬರುತ್ತೀಯ. ಪ್ರತಿ ಊರಿನಲ್ಲೂ ನಿನ್ನನ್ನು ನೋಡಿ ನಗುತ್ತಾರೆ. ನಾನು ಹಾಡಬೇಕೆಂದು ಅಷ್ಟು ಆಸೆಯಿದೆ ನನಗೆ, ಸಾಯುವಷ್ಟು ಆಸೆಯಿದೆ. ಆದರೆ ಆ ನಗು ಕೇಳಿದೆ. ನೀನು ತಲೆ ತಗ್ಗಿಸಿದ್ದನ್ನೂ ನೋಡಿದೆ.” ಆಕೆ ಬಿಚ್ಚಿದ ಕಿವಿಯೋಲೆಯನ್ನು ಕನ್ನಡಿಯ ಮುಂದಿಟ್ಟಳು. “ತಪ್ಪೇ ಮಾಡದವಳು ಅಷ್ಟು ಬೇಗ ತಲೆ ತಗ್ಗಿಸಿದೆ. ಒಂದು ಕ್ಷಣ ಯೋಚಿಸಲೂ ಇಲ್ಲ. ಯಾರು ಕಲಿಸಿದರು ನಿನಗೆ ಅದನ್ನು?”

ಚಿತ್ರಾ ಉತ್ತರ ಕೊಡಲು ಬಾಯಿ ತೆರೆದಳು. ಉತ್ತರದ ಬದಲು ಅಳು ಬಂತು. ಐವತ್ಮೂರು ವರ್ಷದ ಹೆಂಗಸು, ಊರವರೆಲ್ಲರ ಆಂಟಿ, ಪರಿಚಯವಾಗಿ ಎರಡು ದಿನವಾದ ಪರದೇಶದ ಮುದುಕಿಯ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಇಬ್ಬರೂ ಅತ್ತರು. ಒಬ್ಬಳಿಗೆ ಹಾಡು ಹೋಯಿತೆಂದು, ಇನ್ನೊಬ್ಬಳಿಗೆ ಏಕೆಂದು ಹೇಳಲೂ ಬರಲಿಲ್ಲ.

ಪಾರ್ಕಿಂಗಿನಲ್ಲಿ ಆನ್ಯಾ ಡ್ರೈವರ್ ಸೀಟಿನಲ್ಲಿ ಆಗಲೇ ಕೂತಿದ್ದಳು. ಹಿಮ ಬೀಳುವ ಹಾಗಿತ್ತು, ಸಂಜೆ ಬೆಳಕು ಕಂದುತ್ತಿತ್ತು. ಅಮ್ಮ ವಯೊಲಿನ್ನನ್ನು ಹಿಂದಿನ ಸೀಟಿನಲ್ಲಿಟ್ಟು ಪಕ್ಕಕ್ಕೆ ಬಂದು ಕೂತಾಗ ಅವಳು ಒಂದು ಸಲ ಬಿಗಿಯಾಗಿ ತಬ್ಬಿಕೊಂಡು ಕಾರು ಸ್ಟಾರ್ಟ್ ಮಾಡಿದಳು. ಟರ್ನ್‌ಪೈಕಿಗೆ ಹತ್ತುವಷ್ಟರಲ್ಲಿ ಶಿವರಾಮನ ಫೋನ್ ಬಂತು. ಆನ್ಯಾ ಸ್ಪೀಕರಿಗೆ ಹಾಕಿದಳು.

“ಹೇಗಾಯ್ತೇ? ಎಲ್ಲಾ ಸರಿಹೋಯ್ತಾ?”

“ಕಡೇ ಹಾಡು ಮಧ್ಯದಲ್ಲಿ ನಿಂತುಹೋಯ್ತು ಕಣ್ರೀ.”

“ಅಯ್ಯೋ ರಾಮಾ,” ಎಂದ ಶಿವರಾಮ್. ಅವನ ದನಿಯಲ್ಲಿ ಕನಿಕರವಿತ್ತು, ಪಾಪ, ಒಳ್ಳೆಯವನೇ. “ಹೋಗ್ಲಿ ಬಿಡು, ಹೊಸ ಜಾಗ. ಎಲ್ಲಿ ತಪ್ಪಿದೆ?”

ಆನ್ಯಾ ಏನೋ ಹೇಳಲು ಹೋದಳು. ಚಿತ್ರಾ ಅವಳ ತೋಳು ಮುಟ್ಟಿ ತಡೆದಳು.

“ನಾನು ತಪ್ಲಿಲ್ಲ ರೀ,” ಎಂದಳು. “ನಾನು ಸರಿಯಾಗೇ ನುಡಿಸ್ದೆ.”